ಜಾತ್ರೆಯ ಕಣವೂ ಹೆಲ್ಸಿಂಕಿಯ ಪದಕವೂ

ಗಡಿನಾಡಿನ ಅನೇಕ ಜಾತ್ರೆಗಳಲ್ಲಿ ತೇರಿನ ಜೊತೆಗೆ ಕುಸ್ತಿಯೂ ನಡೆಯುವುದು ಹಿರಿಯರಿಂದ ಬಂದ ವಾಡಿಕೆ. ಕೆಮ್ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆರಸ ಬೆರೆಸಿ ಹದ ಮಾಡಿ, ಹನುಮಂತದೇವರಿಗೆ ಕಾಯಿ ಒಡೆದು, ಹಲಗಿ ಬಾರಿಸಿದ ಮೇಲೆ ಪೈಲ್ವಾನರು ಕಣಕ್ಕಿಳಿಯುವರು. ಇಲ್ಲಿ ಅಂಕಗಳ ಲೆಕ್ಕವಿಲ್ಲ. ಬೆನ್ನು ಮಣ್ಣಿಗೆ ಹತ್ತಿತೋ, ಕುಸ್ತಿ ಮುಗಿಯಿತು.

ಈ ವಿದ್ಯೆಗೆ ರಾಜಾಶ್ರಯವಿತ್ತವರು ಕೊಲ್ಲಾಪುರದ ಶಾಹೂ ಮಹಾರಾಜರು. ಅವರು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ಪೂರ್ಣಗೊಂಡಿತು. ಆ ಊರಿನ ತಾಲೀಮುಗಳಿಗೆ ಕನ್ನಡ ಸೀಮೆಯ ಹುಡುಗರೂ ಹೋದರು. 1959ರಲ್ಲಿ ಮೊಟ್ಟಮೊದಲ ‘ಹಿಂದ್ ಕೇಸರಿ’ಯಾದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ಕಡೆಯ ಯಕ್ಸಂಬಾದವರು. ಮಲ್ಲವಿದ್ಯೆಗೆ ಭಾಷೆಯ ಗಡಿ ಎಂದೂ ಅಡ್ಡ ಬಂದಿಲ್ಲ.

ಇದೇ ಮಣ್ಣಿನಿಂದ ಎದ್ದವರು ಕರಾಡ ಸಮೀಪದ ಗೋಳೇಶ್ವರದ ಖಾಶಾಬಾ ಜಾಧವ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರು ಮಣ್ಣು ಬಿಟ್ಟು ಮ್ಯಾಟಿನ ಮೇಲೆ ಸೆಣಸಬೇಕಾಯಿತು. ತೂಕ, ವೇಳೆ, ಅಂಕ ಎಲ್ಲವೂ ಹೊಸದು. ಆದರೂ ಆರನೆಯ ಸ್ಥಾನ ಪಡೆದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರಿನವರು ಕೈಲಾದಷ್ಟು ಕೊಟ್ಟರು. ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಗುರು ಶಿಷ್ಯನಿಗಾಗಿ ಮನೆ ಒತ್ತೆಯಿಟ್ಟ ಮಾತು ಪುರಾಣದಲ್ಲಿ ಕೇಳಬೇಕು, ಇಲ್ಲವೇ ಇಲ್ಲಿ!

ಜುಲೈ 23ರಂದು ಖಾಶಾಬಾ 57 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಒಬ್ಬನೇ ಆಟಗಾರನಿಗೆ ಬಂದ ಮೊದಲ ಒಲಿಂಪಿಕ್ ಪದಕವದು. ಮರುದಿನವೇ ಹಾಕಿ ತಂಡ ಚಿನ್ನ ಗೆದ್ದಿತು. ಆ ಸಂಭ್ರಮದಲ್ಲಿ ಹಳ್ಳಿಯ ಪೈಲ್ವಾನನ ಕಂಚು ಮಂಕಾಯಿತು. 1955ರಲ್ಲಿ ಅವರು ಮುಂಬಯಿ ಪೋಲೀಸಿಗೆ ಸೇರಿದರು. 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. 1996ರಲ್ಲಿ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದಾಗ, ‘ಇದಕ್ಕೆ ಮೊದಲು ಯಾರು?’ ಎಂಬ ಪ್ರಶ್ನೆಯೆದ್ದು ಪತ್ರಿಕೆಗಳಲ್ಲಿ ಖಾಶಾಬಾರ ಹೆಸರು ಮತ್ತೆ ಅಚ್ಚಾಯಿತು. ಅಷ್ಟರಲ್ಲಿ 44 ವರ್ಷ ಕಳೆದಿತ್ತು. ಕುಸ್ತಿಗೆ ಇನ್ನೊಂದು ಪದಕ ಬರಲು 2008ರವರೆಗೆ ಕಾಯಬೇಕಾಯಿತು.

ಊರು ಮಾತ್ರ ಕಾಯಲಿಲ್ಲ. ಹೆಲ್ಸಿಂಕಿಯಿಂದ ಬಂದ ಮಗನನ್ನು ನೂರಕ್ಕೂ ಮಿಕ್ಕಿದ ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆತಂದರು. ಮೆರವಣಿಗೆಯ ಗುಲಾಲು ಆರಿದ ಮೇಲೆ ಖಾಶಾಬಾ ಕೊಲ್ಲಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿ, ತಾವೂ ಆಡಿ ಗೆದ್ದು, ಬಂದ ಹಣವನ್ನು ಖರ್ಡೇಕರರಿಗೆ ಒಪ್ಪಿಸಿ ಅವರ ಮನೆಯನ್ನು ಒತ್ತೆಯಿಂದ ಬಿಡಿಸಿದರೆಂದು ಆ ಸೀಮೆಯವರು ಹೇಳುತ್ತಾರೆ.