ವಿಎಲ್‌ಸಿಯ ಗುಂಡಿ ಒತ್ತುವ ಪೈಥಾನ್: ಒಂದು ಪುಟ್ಟ ಇತಿಹಾಸ

ವಿಎಲ್‌ಸಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆ ಕಿತ್ತಳೆ-ಬಿಳಿ ಪಟ್ಟಿಯ ಟ್ರಾಫಿಕ್ ಕೋನು. ಬೇರೆ ಪ್ಲೇಯರ್‌ಗಳು ಕೈ ಎತ್ತಿದ ಫೈಲನ್ನೂ ಓಡಿಸುತ್ತೆ, ದುಡ್ಡು ಕೇಳಲ್ಲ, ಜಾಹೀರಾತು ತೋರಿಸಲ್ಲ. ಅಷ್ಟು ಸಾಕು ಅಂತ ನಾವು ಸುಮ್ಮನಾಗ್ತೀವಿ. ಆದರೆ ಅದರ ಗುಂಡಿಗಳನ್ನು ಮುಟ್ಟದೆ, ಪೈಥಾನಿನಲ್ಲಿ ನಾಲ್ಕು ಸಾಲು ಬರೆದು "ಓಡು, ನಿಲ್ಲು, ಹನ್ನೆರಡನೇ ನಿಮಿಷಕ್ಕೆ ಹಾರು" ಅಂತ ಹೇಳಬಹುದು. ಈ ಸೌಲಭ್ಯ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು. ಹೆದರಬೇಡಿ, ಕೋಡ್ ಒಂದು ಸಾಲೂ ಹಾಕಿಲ್ಲ :)

ಪ್ರೋಗ್ರಾಂ ಬರೆದು ವಿಡಿಯೋವನ್ನು ಆಡಿಸುವ ಆಸೆ ಹಳೆಯದು. 1991ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 3.0ಕ್ಕೆ ಮಲ್ಟಿಮೀಡಿಯಾ ಸೌಲಭ್ಯಗಳನ್ನು ಸೇರಿಸಿದಾಗ ಎಂಸಿಐ ಅನ್ನೋ ವ್ಯವಸ್ಥೆಯೂ ಬಂತು. ಓಪನ್, ಪ್ಲೇ, ಸೀಕ್, ಕ್ಲೋಸ್ ಅಂತ ಸರಳ ಪದಗಳನ್ನು ಒಂದು ಸಾಲಾಗಿ ಜೋಡಿಸಿ ಕಳಿಸಿದರೆ ಯಂತ್ರ ಕೇಳುತ್ತಿತ್ತು. ಲಿನಕ್ಸ್ ಕಡೆಯವರಿಗೆ ಹಂಗೇರಿಯಲ್ಲಿ 2000ದಲ್ಲಿ ಶುರುವಾದ ಎಂಪ್ಲೇಯರ್ ಇತ್ತು. ಅದರ 'ಸ್ಲೇವ್ ಮೋಡ್'ನಲ್ಲಿ ಸಾಲಿಗೊಂದು ಆಜ್ಞೆ ಬರೆದು ಒಳಗೆ ತಳ್ಳಬೇಕು, ಅದು ಹೊರಗೆ ಕಕ್ಕಿದ ಅಕ್ಷರಗಳನ್ನು ಓದಿ ಏನಾಯಿತು ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು. ಗೋಡೆಯಾಚೆ ಕೂತವನ ಹತ್ತಿರ ಚೀಟಿ ಕಳಿಸಿ ಮಾತಾಡಿದ ಹಾಗೆ. ಕೆಲಸ ನಡೆಯುತ್ತಿತ್ತು, ಆದರೆ ಪ್ಲೇಯರ್ ನಮ್ಮ ಪ್ರೋಗ್ರಾಮಿನ ಭಾಗ ಆಗುತ್ತಿರಲಿಲ್ಲ.

ವಿಎಲ್‌ಸಿ ಕಥೆ ಶುರುವಾಗೋದು 1996ರಲ್ಲಿ, ಪ್ಯಾರಿಸ್ ಹತ್ತಿರದ ಎಕೋಲ್ ಸಾಂತ್ರಾಲ್ ಅನ್ನೋ ಎಂಜಿನಿಯರಿಂಗ್ ಕಾಲೇಜಿನಲ್ಲಿ. (ಅಂದರೆ ಈ ತಂತ್ರಾಂಶ ನನಗಿಂತ ಸ್ವಲ್ಪ ದೊಡ್ಡದು!) ಅಲ್ಲಿ ಹಾಸ್ಟೆಲಿನ ನೆಟ್‌ವರ್ಕನ್ನು ವಿದ್ಯಾರ್ಥಿಗಳ ಸಂಘವೇ ನೋಡಿಕೊಳ್ಳುತ್ತಿತ್ತು. ಅದು ಹಳೇ ಟೋಕನ್ ರಿಂಗ್ ನೆಟ್‌ವರ್ಕು, ತೀರಾ ನಿಧಾನ. ಹುಡುಗರಿಗೆ ವೇಗದ ನೆಟ್‌ವರ್ಕ್ ಬೇಕಿತ್ತು. ಯಾಕೆ ಅಂತೀರಾ? ಎಲ್ಲಾ ಹಾಸ್ಟೆಲುಗಳಲ್ಲೂ ಯಾಕೆ ಬೇಕೋ ಅದಕ್ಕೇ, ಗೇಮ್ ಆಡೋದಕ್ಕೆ :) ಆದರೆ ಗೇಮ್ ಆಡ್ತೀವಿ ಅಂದರೆ ದುಡ್ಡು ಕೊಡೋರು ಯಾರು? ಆಗ ಹುಟ್ಟಿದ್ದು, ಒಂದೇ ಡಿಶ್‌ನಿಂದ ಬರೋ ಸ್ಯಾಟಲೈಟ್ ಟಿವಿಯನ್ನು ನೆಟ್‌ವರ್ಕಿನ ಮೂಲಕ ಎಲ್ಲರ ಕೋಣೆಗೂ ಹಂಚುವ ಯೋಜನೆ. ಹಂಚೋದಕ್ಕೆ ಒಂದು ಸರ್ವರ್, ನೋಡೋದಕ್ಕೆ ಒಂದು ಕ್ಲೈಂಟ್. 'ವಿಡಿಯೋಲ್ಯಾನ್ ಕ್ಲೈಂಟ್' ಅನ್ನೋದರ ಚಿಕ್ಕ ರೂಪವೇ ವಿಎಲ್‌ಸಿ. ಆ ಕೋನು ಕೂಡ ಇದೇ ಸಂಘದ ಹುಡುಗರು ರಸ್ತೆಯಿಂದ ತಂದು ಗುಡ್ಡೆ ಹಾಕಿದ್ದ ಟ್ರಾಫಿಕ್ ಕೋನುಗಳ ನೆನಪು.

1998ರಲ್ಲಿ ಎಲ್ಲವನ್ನೂ ಮೊದಲಿಂದ ಬರೆದರು. ಕಾಲೇಜಿನ ಒಪ್ಪಿಗೆ ಸಿಕ್ಕಿ 2001ರ ಫೆಬ್ರವರಿ 1ರಂದು ಜಿಪಿಎಲ್ ಲೈಸೆನ್ಸಿನ ಅಡಿಯಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಹೊರಗಿನವರೂ ಕೈ ಹಚ್ಚಿದರು. ಕ್ರಮೇಣ ನಿಜವಾದ ಕೆಲಸವೆಲ್ಲ ಲಿಬ್‌ವಿಎಲ್‌ಸಿ ಎಂಬ ಲೈಬ್ರರಿಗೆ ಸೇರಿತು. ನಾವು ಕ್ಲಿಕ್ ಮಾಡಿ ತೆರೆಯುವ ವಿಎಲ್‌ಸಿ ಆ ಲೈಬ್ರರಿಯನ್ನು ಕರೆಯುವ ತೆಳ್ಳನೆಯ ಪದರ ಅಷ್ಟೇ. ಅದು ಕರೆಯಬಹುದಾದರೆ ನಾವೂ ಕರೆಯಬಹುದಲ್ಲ?

ಪೈಥಾನಿನಿಂದ ಕರೆಯುವ ದಾರಿ ಮಾಡಿದ್ದು ಫ್ರಾನ್ಸಿನವರೇ ಆದ ಓಲಿವಿಯೇ ಓಬೇರ್. ಅವರು ಲಿಯೋನ್ ನಗರದ ಲಿರಿಸ್ ಪ್ರಯೋಗಾಲಯದಲ್ಲಿ 'ಅಡ್ವೆನ್' ಅನ್ನೋ ತಂತ್ರಾಂಶದ ಕೆಲಸ ಮಾಡುತ್ತಿದ್ದವರು. ಸಿನಿಮಾವನ್ನು ಓದುವವರಿಗೆ ಅಂತ ಮಾಡಿದ್ದು ಅದು. ನೋಡುವವರಿಗಲ್ಲ, ಓದುವವರಿಗೆ! ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯೋ ಹಾಗೆ ವಿಡಿಯೋದ ಈ ಕ್ಷಣದಿಂದ ಆ ಕ್ಷಣದವರೆಗೆ ಟಿಪ್ಪಣಿ ಹಚ್ಚಬಹುದು, ಟಿಪ್ಪಣಿ ಒತ್ತಿದರೆ ವಿಡಿಯೋ ಅಲ್ಲಿಗೇ ಹೋಗಿ ನಿಲ್ಲುತ್ತೆ. ಅದಕ್ಕೆ ಪ್ಲೇಯರಿನ ಲಗಾಮು ಪೈಥಾನ್ ಕೈಯಲ್ಲೇ ಇರಬೇಕಿತ್ತು.

ಮೊದಲು ಈ ಕೊಂಡಿಯನ್ನು ಸಿ ಭಾಷೆಯಲ್ಲಿ ಬರೆದಿದ್ದರು. ಅಂಥವುಗಳ ತೊಂದರೆ ನಮ್ಮ ಕಸುಬಿನವರಿಗೆ ಗೊತ್ತೇ ಇದೆ. ಪೈಥಾನ್ ಬದಲಾದರೆ ಮತ್ತೆ ಕಂಪೈಲ್ ಮಾಡು, ವಿಂಡೋಸಿಗೆ ಬೇರೆ, ಲಿನಕ್ಸಿಗೆ ಬೇರೆ. 2006ರಲ್ಲಿ ಪೈಥಾನ್ 2.5ರ ಜೊತೆಗೇ 'ಸಿಟೈಪ್ಸ್' ಬಂತು. ಸಿ ಲೈಬ್ರರಿಯನ್ನು ಕಂಪೈಲರ್ ಗೋಜಿಲ್ಲದೆ ನೇರ ಪೈಥಾನಿನಿಂದ ಕರೆಯಬಹುದಾಯಿತು. 2009ರ ಹೊತ್ತಿಗೆ ಹೊಸ ಉಪಾಯ ಮಾಡಿದರು: ಲಿಬ್‌ವಿಎಲ್‌ಸಿಯ ಹೆಡರ್ ಫೈಲುಗಳನ್ನು, ಅದರಲ್ಲಿನ ವಿವರಣೆಗಳ ಸಮೇತ, ಓದಿ ಪೈಥಾನ್ ಫೈಲನ್ನು ತಾನೇ ಬರೆದುಕೊಡುವ ಒಂದು ಪ್ರೋಗ್ರಾಂ. ವಿಎಲ್‌ಸಿಯ ಹೊಸ ಆವೃತ್ತಿ ಬಂದರೆ ಮತ್ತೊಮ್ಮೆ ಓಡಿಸಿದರಾಯಿತು. ಸಾವಿರಾರು ಸಾಲಿನ ಆ ಒಂದೇ ಫೈಲೇ ನಾವು ಬಳಸುವ ಪೈಥಾನ್-ವಿಎಲ್‌ಸಿ.

ಬಳಸೋದೂ ಸುಲಭ. ಮೊದಲು ಎಂಜಿನ್ನಿನ ಒಂದು 'ಇನ್‌ಸ್ಟನ್ಸ್', ಆಮೇಲೆ ಯಾವ ಫೈಲು ಅಂತ ಹೇಳುವ 'ಮೀಡಿಯಾ', ಕೊನೆಗೆ ಓಡಿಸುವ 'ಪ್ಲೇಯರ್'. ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಕೇಳಬಹುದು, ಹೇಳಲೂಬಹುದು. ವಿಡಿಯೋ ಮುಗಿದರೆ ನನ್ನನ್ನು ಕೂಗು ಅಂತ ಹೇಳಿಯೂ ಇಡಬಹುದು. ಒಂದು ಎಚ್ಚರಿಕೆ: ಆ ಕೂಗು ಬರೋದು ವಿಎಲ್‌ಸಿಯ ಸ್ವಂತ ಥ್ರೆಡ್ಡಿನಿಂದ. ಅದರೊಳಗೇ ನಿಂತು ಮತ್ತೆ ಪ್ಲೇಯರಿಗೆ ಆಜ್ಞೆ ಕೊಟ್ಟರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತುಬಿಡಬಹುದು. ಸುದ್ದಿಯನ್ನು ಗುರುತು ಹಾಕಿಕೊಂಡು ಹೊರಬಂದು ಕೆಲಸ ಮಾಡಬೇಕು.

ಇದೆಲ್ಲ ಯಾರಿಗೆ ಬೇಕು ಅಂತೀರಾ? ನಮ್ಮ ಚಿಕ್ಕಪ್ಪನ ಹತ್ತಿರ ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ರೆಕಾರ್ಡಿಂಗುಗಳಿವೆ. ಒಂದೊಂದೂ ಆರೇಳು ಗಂಟೆ. ಭಾಗವತರ ಯಾವ ಪದ್ಯ ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದು ಅವರ ತಲೆಯಲ್ಲಿದೆ. "ನಂಗೆ ಗೊತ್ತುಂಟು ಮಾರಾಯ, ಮಿಷನ್ನಿಗೆ ಗೊತ್ತಿಲ್ಲ" ಅಂತ ನಗ್ತಾರೆ. ಈಗ ರಜೆಗೆ ಹೋದಾಗಲೆಲ್ಲ ಅವರು ಹೇಳ್ತಾರೆ, ನಾನು ಬರೀತೀನಿ. ಹೊತ್ತು, ಪದ್ಯ, ಯಾರ ವೇಷ, ಅಷ್ಟೇ. ಮಾಮೂಲಿ ಯುನಿಕೋಡ್ ಟೆಕ್ಸ್ಟ್ ಫೈಲು. ಪೈಥಾನ್ ಆ ಸಾಲನ್ನು ಓದಿ ಪ್ಲೇಯರನ್ನು ಅಲ್ಲಿಗೆ ಹಾರಿಸುತ್ತೆ. ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ. ವಿಡಿಯೋ ಡಿಸ್ಕಿನಲ್ಲಿ ಉಳಿಯುತ್ತೆ. ಅದರ ಸೂಚಿ ಅವರ ಜೊತೆಗೇ ಹೋಗಬಾರದಲ್ಲ?

ಲೈಬ್ರರಿಯ ಬಾಗಿಲು ಯಾರಿಗೆ ತೆರೆದಿದೆ ಅನ್ನೋದೂ ಈ ಇತಿಹಾಸದ ಭಾಗ. 2010ರಲ್ಲಿ ಐಫೋನಿಗೆ ಬಂದ ವಿಎಲ್‌ಸಿಯನ್ನು 2011ರ ಜನವರಿಯಲ್ಲಿ ಆಪಲ್ ತೆಗೆದುಹಾಕಿತು. ಆಪ್ ಸ್ಟೋರಿನ ಕರಾರು ಜಿಪಿಎಲ್‌ಗೆ ವಿರುದ್ಧ ಅಂತ ವಿಎಲ್‌ಸಿ ಬರೆದವರಲ್ಲೇ ಒಬ್ಬರು ಆಕ್ಷೇಪಿಸಿದ್ದರು. ಅದೇ ವರ್ಷ ಲಿಬ್‌ವಿಎಲ್‌ಸಿಯನ್ನು ಇನ್ನೂ ಸಡಿಲವಾದ ಎಲ್‌ಜಿಪಿಎಲ್‌ಗೆ ಬದಲಾಯಿಸಿದರು. ಬೇರೆ ಲೈಸೆನ್ಸಿನ ತಂತ್ರಾಂಶಗಳೂ ಅದನ್ನು ಬಳಸಲಿ ಅಂತ. ಹಾಗೆ ಮಾಡಲು ಕೋಡ್ ಬರೆದ ನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು. ಎಂದೋ ಬರೆದು ಮರೆತವರನ್ನೂ ಸೇರಿಸಿ! ಐಫೋನಿಗೆ ಅದು ಮರಳಿದ್ದು 2013ರಲ್ಲಿ.

ನಮ್ಮ ದೇಶದ ಅಧ್ಯಾಯವೂ ಒಂದಿದೆ. 2022ರ ಫೆಬ್ರವರಿಯಿಂದ ವಿಡಿಯೋಲ್ಯಾನ್ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಕಾರಣವನ್ನು ಯಾರೂ ಮುಂಚಿತವಾಗಿ ಹೇಳಲಿಲ್ಲ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ವಿಡಿಯೋಲ್ಯಾನ್ ಅಕ್ಟೋಬರಿನಲ್ಲಿ ಕಾನೂನು ನೋಟಿಸು ಕಳಿಸಿತು, ನವೆಂಬರಿನಲ್ಲಿ ನಿರ್ಬಂಧ ತೆರವಾಯಿತು. ಪೈಥಾನ್ ಕೊಂಡಿ ಬೇರೆ ಕಡೆಯಿಂದ ಸಿಗುತ್ತಿತ್ತು, ನಿಜ. ಆದರೆ ಅದರೊಳಗೆ ಎಂಜಿನ್ ಇರೋದಿಲ್ಲ. ವಿಎಲ್‌ಸಿ ಬೇರೆಯಾಗಿ ಹಾಕಿಕೊಂಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತೆ. ಲಗಾಮು ಕೈಯಲ್ಲಿದ್ದು ಕುದುರೆ ಇಲ್ಲದಿದ್ದರೆ ಏನು ಪ್ರಯೋಜನ?

ಹಾಸ್ಟೆಲ್ ಹುಡುಗರು ಗೇಮಿಗಾಗಿ ನೆಟ್‌ವರ್ಕ್ ಕೇಳಿದರು, ಸಿನಿಮಾ ಓದುವವರೊಬ್ಬರು ಅದಕ್ಕೆ ಕೊಂಡಿ ಹಾಕಿದರು, ಅದು ತೆಂಕುತಿಟ್ಟಿನ ಪದ್ಯ ಹುಡುಕೋದಕ್ಕೂ ಒದಗಿತು. ನಿಮ್ಮ ಮನೆಯಲ್ಲೂ ಮದುವೆಯದ್ದೋ, ಹರಿಕಥೆಯದ್ದೋ, ಅಜ್ಜಿಯ ಹಾಡಿನದ್ದೋ ಉದ್ದನೆಯ ವಿಡಿಯೋ ಇರಬಹುದು. ಅದರಲ್ಲಿ ಎಲ್ಲಿ ಏನಿದೆ ಅಂತ ಬಲ್ಲವರು ಇರುವಾಗಲೇ ಕೇಳಿ ಬರೆದಿಡಿ. ಉಳಿದ ಕೆಲಸ ನಾಲ್ಕು ಸಾಲಿನ ಪೈಥಾನಿನದ್ದು.