ಮುಕ್ತಾಯದ ಷರಾ ಇಲ್ಲದ ಕಡತಗಳು

‘ಕಡತ’ ಎಂದರೆ ಇಂದು ಕಚೇರಿಯ ಫೈಲು. ಒಂದು ಕಾಲಕ್ಕೆ ಅದು ಬಟ್ಟೆಯ ಪುಸ್ತಕವಾಗಿತ್ತು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ದಾಖಲೆಗಳಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಬೇಡವಾದ ಬರಹವನ್ನು ಒರೆಸಿ, ಮತ್ತೆ ಮಸಿ ಬಳಿದು ಅದೇ ಬಟ್ಟೆಯ ಮೇಲೆ ಹೊಸದಾಗಿ ಬರೆಯಬಹುದಿತ್ತು. ಹಾಗೆ ಒರೆಸುವ ಮೊದಲು ಆ ಲೆಕ್ಕ ತೀರಿತೇ ಎಂದು ಬರೆದವನೇ ನೋಡಿಕೊಳ್ಳಬೇಕಿತ್ತು. ಜಾಗ ಬೇಕಾದಾಗಲೆಲ್ಲ ತೀರ್ಮಾನವೂ ಅನಿವಾರ್ಯವಾಗುತ್ತಿತ್ತು.

ಕಾಗದದ ಕಡತ ಬಂದ ಮೇಲೂ ಆ ತೀರ್ಮಾನಕ್ಕೆ ಒಂದು ಜಾಗ ಉಳಿಯಿತು. ನಮ್ಮ ಕಚೇರಿಗಳಲ್ಲಿ ಕೆಲಸ ಮುಗಿದ ಕಡತದ ಮೇಲೆ ವಿಷಯ ನಿರ್ವಾಹಕರು ‘ಮುಕ್ತಾಯ’ ಎಂದು ಷರಾ ಬರೆದು, ಎಷ್ಟು ವರ್ಷ ಇಡಬೇಕೆಂಬ ವರ್ಗ ನಮೂದಿಸಿ, ಅಭಿಲೇಖಾಲಯಕ್ಕೆ ಕಳಿಸುತ್ತಾರೆ. ಕಂಪ್ಯೂಟರಿನ ಫೈಲಿಗೆ ಈ ಷರಾ ಇಲ್ಲ. ಅದನ್ನು ಮಾಡಿದವರು ಕಿಟಕಿ ಮುಚ್ಚಿ ಎದ್ದು ಹೋಗುತ್ತಾರೆ, ಫೈಲು ಸರ್ವರಿನಲ್ಲಿ ಹಾಗೆಯೇ ಇರುತ್ತದೆ. ಸಂಸ್ಥೆಯೊಂದರ ಸಂಗ್ರಹದಲ್ಲಿ ಯಾವುದು ಹಳತಾಯಿತು, ಯಾವುದನ್ನು ಇನ್ನು ತೆಗೆಯಬಹುದು ಎಂದು ಕಂಡುಹಿಡಿಯುವ ವಿದ್ಯೆ ಕಳೆದ ಎಪ್ಪತ್ತು ವರ್ಷಗಳಿಂದ ಈ ಒಂದು ಕೊರತೆಯ ಸುತ್ತಲೇ ತಿರುಗಿದೆ ಎಂಬುದು ನನ್ನ ಓದು.

ಕಾಗದದ ಕಾಲದ ಚಿಂತನೆ ಸಾಕಷ್ಟು ಆಳವಾಗಿತ್ತು. ಇಂಗ್ಲೆಂಡಿನಲ್ಲಿ ಬೆಲೆಯಿಲ್ಲದ ಸಾರ್ವಜನಿಕ ದಾಖಲೆಗಳನ್ನು ನಾಶಪಡಿಸಲು ಕಾನೂನಿನ ಅನುಮತಿ ಸಿಕ್ಕಿದ್ದು 1877ರಲ್ಲಿ. 1922ರಲ್ಲಿ ಹಿಲರಿ ಜೆಂಕಿನ್‌ಸನ್ ತಮ್ಮ ಕೈಪಿಡಿಯಲ್ಲಿ ಆಯ್ಕೆಯ ಕೆಲಸ ದಾಖಲೆಪಾಲಕನದಲ್ಲ ಎಂದು ವಾದಿಸಿದರು. ಕೆಲಸ ಮಾಡಿದ ಕಚೇರಿಯೇ ತನ್ನ ಬಳಕೆಯ ದೃಷ್ಟಿಯಿಂದ ಅದನ್ನು ಮಾಡಬೇಕು ಎಂಬುದು ಅವರ ನಿಲುವು. 1954ರ ಗ್ರಿಗ್ ಸಮಿತಿ ಇದನ್ನು ಒಂದು ಕ್ರಮಕ್ಕೆ ತಂದಿತು. ಬಳಕೆ ನಿಂತ ಐದು ವರ್ಷಕ್ಕೆ ಇಲಾಖೆಯಿಂದ ಮೊದಲ ಪರಿಶೀಲನೆ, ಕಡತ ತೆರೆದು 25 ವರ್ಷಕ್ಕೆ ಇತಿಹಾಸದ ದೃಷ್ಟಿಯಿಂದ ಎರಡನೆಯದು. ಅಮೆರಿಕದ ಶೆಲೆನ್‌ಬರ್ಗ್ 1956ರ ‘ಮಾಡರ್ನ್ ಆರ್ಕೈವ್ಸ್’ ಪುಸ್ತಕದಲ್ಲಿ ಕಚೇರಿಗಿರುವ ಬೆಲೆಯನ್ನೂ ಹೊರಗಿನವರಿಗಿರುವ ಬೆಲೆಯನ್ನೂ ಬೇರೆ ಬೇರೆಯಾಗಿ ತೂಗಿದರು. ಗ್ರಿಗ್ ಕ್ರಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊದಲ ಗಡಿಯಾರ ಶುರುವಾಗುವ ಗಳಿಗೆ. ಕೆಲಸ ತೀರಿದ ದಿನದಿಂದ ಅದು ಓಡುತ್ತದೆ.

ಭಾರತದಲ್ಲಿ 1891ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಶುರುವಾಯಿತು, ಅದೇ ಇಂದಿನ ರಾಷ್ಟ್ರೀಯ ಅಭಿಲೇಖಾಗಾರ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 1892ಕ್ಕೆ ಹಿಂದಿನ ದಾಖಲೆಗಳನ್ನು ನಾಶಪಡಿಸುವಂತಿಲ್ಲ ಎನ್ನುತ್ತದೆ. ತೀರಾ ಜೀರ್ಣವಾಗಿ ಓದಲಾಗದ ಸ್ಥಿತಿ ತಲುಪಿದವಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ಮೀರಿ ದಾಖಲೆ ನಾಶಪಡಿಸಿದವರಿಗೆ 5 ವರ್ಷದವರೆಗೆ ಸೆರೆವಾಸವೋ, 10,000 ರೂಪಾಯಿವರೆಗೆ ದಂಡವೋ, ಎರಡೂ ಸೇರಿಯೋ ಆಗಬಹುದು.

ಶೆಲೆನ್‌ಬರ್ಗರ ಪುಸ್ತಕ ಬಂದ ವರ್ಷವೇ, 1956ರಲ್ಲಿ, ಐಬಿಎಂ ತನ್ನ ಮೊದಲ ಡಿಸ್ಕ್ ಸಂಗ್ರಹವನ್ನು ಹೊರತಂದಿತು. ಐವತ್ತು ತಟ್ಟೆಗಳ ಆ ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಅಂಥ ಜಾಗದಲ್ಲಿ ಬೇಡದ್ದನ್ನು ಯಾರೂ ಇಡುತ್ತಿರಲಿಲ್ಲ. ಡಿಸ್ಕ್ ದೊಡ್ಡದಾಗಿ ಬಳಕೆದಾರರು ಹೆಚ್ಚಿದಂತೆ, 1970ರ ದಶಕದಲ್ಲಿ, ಬಹಳ ದಿನ ಯಾರೂ ಮುಟ್ಟದ ಫೈಲನ್ನು ದುಬಾರಿ ಡಿಸ್ಕಿನಿಂದ ಅಗ್ಗದ ಟೇಪಿಗೆ ತಾನಾಗಿ ಸಾಗಿಸುವ ವ್ಯವಸ್ಥೆಗಳು ಬಂದವು.

ಯಾವುದನ್ನು ಸಾಗಿಸಬೇಕು? ಇದನ್ನು ಗಣಿತವಾಗಿ ಕೇಳಿದವರಲ್ಲಿ ಅಲನ್ ಜೇ ಸ್ಮಿತ್ ಮುಖ್ಯರು. ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಫೈಲುಗಳ ಬಳಕೆಯನ್ನು ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಅವರು ಒಂದು ಸರಳ ಸೂತ್ರ ಕೊಟ್ಟರು. ಕೊನೆಯ ಬಳಕೆಯಿಂದ ಕಳೆದ ಕಾಲವನ್ನು 1.4ರ ಘಾತಕ್ಕೇರಿಸಿ ಫೈಲಿನ ಗಾತ್ರದಿಂದ ಗುಣಿಸಿ, ಅತಿ ದೊಡ್ಡ ಅಂಕೆ ಬಂದದ್ದನ್ನು ಮೊದಲು ಸಾಗಿಸಿ. ಅದೇ ವರ್ಷ ಕಾರ್ನೆಗಿ ಮೆಲನ್‌ನಲ್ಲಿದ್ದ ಸತ್ಯನಾರಾಯಣನ್ ಫೈಲಿನ ‘ಕ್ರಿಯಾಶೀಲ ಆಯುಷ್ಯ’ ಎಂಬುದನ್ನು ಅಳೆದರು. ಕೊನೆಯ ಬಾರಿ ತಿದ್ದಿದ ದಿನಕ್ಕೂ ಕೊನೆಯ ಬಾರಿ ಓದಿದ ದಿನಕ್ಕೂ ಇರುವ ಅಂತರ ಅದು.

ಈ ಕೆಲಸಗಳನ್ನು ನಾನು ಗೌರವದಿಂದ ಓದಿದ್ದೇನೆ. ಆದರೆ ಇಡೀ ಕ್ಷೇತ್ರದ ದಾರಿ ಹೊರಳಿದ್ದೂ ಇಲ್ಲಿಯೇ ಎಂದು ನನಗನ್ನಿಸುತ್ತದೆ. ಸ್ಮಿತ್‌ರ ಸೂತ್ರ ಹೇಳುವುದು ಸದ್ಯಕ್ಕೆ ಯಾರೂ ಕೇಳಲಾರದ ಫೈಲು ಯಾವುದು ಎಂಬುದನ್ನು. ಊಹೆ ತಪ್ಪಿದರೆ ಟೇಪಿನಿಂದ ಮತ್ತೆ ತರಿಸಿಕೊಳ್ಳಲು ಕೆಲವು ನಿಮಿಷ ಕಾಯಬೇಕಾಗುತ್ತಿತ್ತು, ನಷ್ಟ ಅಷ್ಟೇ. ಸಾಗಿಸುವುದಕ್ಕಾಗಿ ಹುಟ್ಟಿದ ಈ ಅಳತೆಗೋಲನ್ನೇ ಮುಂದೆ ಅಳಿಸುವುದಕ್ಕೂ ಹಿಡಿದರು. ಮನೆಯ ಕ್ರಯಪತ್ರವನ್ನು ಇಪ್ಪತ್ತು ವರ್ಷ ಯಾರೂ ಬಿಚ್ಚದೆ ಇರಬಹುದು. ಹಾಗೆಂದು ಅದು ಹಳತಾಗಲಿಲ್ಲ.

ಅಳತೆಗೋಲಿಗೇ ಇನ್ನೊಂದು ಪೆಟ್ಟು ಬಿತ್ತು. ಯುನಿಕ್ಸ್ ಪ್ರತಿ ಫೈಲಿಗೂ ಕೊನೆಯ ಬಾರಿ ಓದಿದ ಸಮಯವನ್ನು ಬರೆದಿಡುತ್ತಿತ್ತು. ಓದುವ ಪ್ರತಿ ಸಲವೂ ಡಿಸ್ಕಿಗೆ ಒಂದು ಬರಹ ಬೀಳುವುದರಿಂದ ವ್ಯವಸ್ಥೆ ನಿಧಾನವಾಗುತ್ತಿತ್ತು. ವಿಂಡೋಸ್ ವಿಸ್ಟಾ ಈ ದಾಖಲಾತಿಯನ್ನು ತಾನಾಗಿಯೇ ನಿಲ್ಲಿಸಿಟ್ಟುಕೊಂಡು ಬಂತು. ಲಿನಕ್ಸ್ 2009ರಿಂದ ಅದನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆಗೆ ಸಡಿಲಿಸಿತು. ವೈರಸ್ ತಪಾಸಣೆ, ಬ್ಯಾಕಪ್, ಹುಡುಕಾಟದ ಸೂಚಿ ತಯಾರಿಸುವ ತಂತ್ರಾಂಶಗಳೂ ಫೈಲನ್ನು ತೆರೆಯುತ್ತವೆ, ಮನುಷ್ಯ ಓದಿದನೋ ಯಂತ್ರ ಓದಿತೋ ಆ ಸಮಯ ಹೇಳುವುದಿಲ್ಲ. ಹಳೆ ಸರ್ವರಿನಿಂದ ಹೊಸದಕ್ಕೆ ನಕಲಾದ ದಿನವೇ ಸಾವಿರಾರು ಫೈಲುಗಳ ಹುಟ್ಟಿದ ದಿನವಾಗಿಬಿಡುತ್ತದೆ. ಪರಿಶೀಲನೆಗೆ ಕೂತವರು ನಂಬಬಹುದಾದ ತಾರೀಖು ಬಹುತೇಕ ಕೊನೆಯ ಬಾರಿ ತಿದ್ದಿದ್ದು ಮಾತ್ರ, ಅದೂ ಅರ್ಧ ನಂಬಿಕೆ.

2000ದ ದಶಕದಲ್ಲಿ ಕಾನೂನು ಒಳಬಂತು. ಅಮೆರಿಕದ ಎನ್ರಾನ್ ಕಂಪನಿಯ ಹಗರಣದಲ್ಲಿ ಅದರ ಲೆಕ್ಕಪರಿಶೋಧಕರಾಗಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ ಕಾಗದಪತ್ರಗಳನ್ನು ಚೂರು ಮಾಡಿದ್ದು ಬಯಲಾದ ಮೇಲೆ, 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತನಿಖೆಗೆ ಅಡ್ಡಿಯಾಗುವಂತೆ ದಾಖಲೆ ನಾಶಪಡಿಸಿದರೆ 20 ವರ್ಷದವರೆಗೆ ಸೆರೆ ಎಂದಿತು. ಕಂಪನಿಗಳು ಹೆದರಿದವು, ಡಿಸ್ಕ್ ಅಗ್ಗವಾಗಿತ್ತು, ಎಲ್ಲವನ್ನೂ ಇಟ್ಟುಕೊಳ್ಳುವುದೇ ಕ್ಷೇಮ ಎಂಬ ಅಭ್ಯಾಸ ಬೇರೂರಿತು. ಅದರ ಫಲ 2008ರಲ್ಲಿ ಅಂಕೆಯಾಗಿ ಕಂಡಿತು. ನೆಟ್‌ಆ್ಯಪ್ ಕಂಪನಿಯ ಫೈಲ್ ಸರ್ವರ್‌ಗಳನ್ನು ಮೂರು ತಿಂಗಳು ಗಮನಿಸಿದ ಸಂಶೋಧಕರಿಗೆ ಬಳಕೆಯಲ್ಲಿದೆ ಎನ್ನಲಾದ ಸಂಗ್ರಹದ ಶೇ. 90ಕ್ಕೂ ಹೆಚ್ಚು ಭಾಗವನ್ನು ಆ ಅವಧಿಯಲ್ಲಿ ಯಾರೂ ಮುಟ್ಟಿದಂತೆ ಕಾಣಲಿಲ್ಲ. 2016ರಲ್ಲಿ ವೆರಿಟಾಸ್ ತನ್ನ ಜಾಗತಿಕ ಸಮೀಕ್ಷೆಯಲ್ಲಿ ಸಂಸ್ಥೆಗಳ ದತ್ತಾಂಶದ ಶೇ. 33ರಷ್ಟು ನಕಲು, ಹಳತು ಅಥವಾ ಕ್ಷುಲ್ಲಕ ಎಂದೂ, ಶೇ. 52ರಷ್ಟು ಏನೆಂದು ಯಾರಿಗೂ ತಿಳಿಯದ್ದು ಎಂದೂ ಅಂದಾಜಿಸಿತು. ಈ ಕಂಪನಿ ದತ್ತಾಂಶ ನಿರ್ವಹಣೆಯ ತಂತ್ರಾಂಶವನ್ನೇ ಮಾರುತ್ತಿತ್ತು, ಆದ್ದರಿಂದ ಅಂಕೆಗಿಂತ ದಿಕ್ಕನ್ನು ಗಮನಿಸುವುದು ಒಳ್ಳೆಯದು.

ಇಂದಿನ ಪರಿಶೀಲನೆಯಲ್ಲಿ ಸುಲಭದ ಭಾಗ ನಕಲುಗಳನ್ನು ಹಿಡಿಯುವುದು. ಒಳಗಿನ ಬೈಟುಗಳಿಂದ ಒಂದು ಮುದ್ರೆ ಲೆಕ್ಕಹಾಕಿ ಹೋಲಿಸಿದರೆ, ಹೆಸರು ಬೇರೆಯಿದ್ದರೂ ತದ್ರೂಪಿ ಫೈಲು ಸಿಕ್ಕಿಬೀಳುತ್ತದೆ. ಕಷ್ಟ ಇರುವುದು ಒಂದೇ ಟೆಂಡರ್ ಪತ್ರದ ಒಂಬತ್ತು ಕರಡುಗಳಲ್ಲಿ. ಅವುಗಳ ಮುದ್ರೆಗಳು ಬೇರೆ, ತಾರೀಖುಗಳು ಹತ್ತಿರ ಹತ್ತಿರ, ಸಹಿ ಬಿದ್ದದ್ದು ಯಾವುದಕ್ಕೆ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಬರೆದವರು ನಿವೃತ್ತರಾಗಿದ್ದರೆ ಮಾಲೀಕರ ಕಾಲಂನಲ್ಲಿ ಹೆಸರಿನ ಬದಲು ಅಂಕೆಗಳ ಸಾಲೊಂದು ಉಳಿದಿರುತ್ತದೆ. ನೌಕರಿ ಬಿಟ್ಟವರ ಖಾತೆ ಅಳಿಸುವ ದಿನವೇ ಅವರ ಫೋಲ್ಡರುಗಳಿಗೆ ಹೊಸ ಹೊಣೆಗಾರರನ್ನು ನೇಮಿಸಿದರೆ ಈ ಸಂಕಟದ ಬಹುಪಾಲು ಹುಟ್ಟುವುದೇ ಇಲ್ಲ. ಇಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ದೊಡ್ಡ ಫಲ ಕೊಡುವ ಇನ್ನೊಂದು ನಿಯಮ ನನಗೆ ಗೊತ್ತಿಲ್ಲ.

ವಯಸ್ಸನ್ನಷ್ಟೇ ನೋಡಿ ಅಳಿಸುವ ಅಪಾಯಕ್ಕೆ ಎರಡು ಉದಾಹರಣೆ ಸಾಕು. 1969ರಲ್ಲಿ ಚಂದ್ರನಿಂದ ಬಂದ ಅಪೊಲೊ 11ರ ಮೂಲ ದೃಶ್ಯಸಂಕೇತ ಇದ್ದ ಟೇಪುಗಳನ್ನು ಹುಡುಕಿದ ನಾಸಾ, ಟೇಪಿನ ಅಭಾವವಿದ್ದ ಮುಂದಿನ ವರ್ಷಗಳಲ್ಲಿ ಅವನ್ನು ಅಳಿಸಿ ಮರುಬಳಸಿರುವ ಸಾಧ್ಯತೆಯೇ ಹೆಚ್ಚು ಎಂಬ ತೀರ್ಮಾನಕ್ಕೆ 2009ರಲ್ಲಿ ಬಂತು. ಎರಡನೆಯದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ್ದು. ಡಿಸೆಂಬರ್ 2021ರಲ್ಲಿ ಅಲ್ಲಿನ ಸೂಪರ್‌ಕಂಪ್ಯೂಟರಿನಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ತೆಗೆಯುವ ಪುಟ್ಟ ಸ್ಕ್ರಿಪ್ಟೊಂದಿತ್ತು. ಅದು ಓಡುತ್ತಿರುವಾಗಲೇ ಅದರ ಮೇಲೆ ತಿದ್ದಿದ ಪ್ರತಿಯನ್ನು ಹಾಕಿದರು. ನಡುವಿನಿಂದ ಹೊಸ ಪ್ರತಿಯನ್ನು ಓದಿಕೊಂಡ ಯಂತ್ರಕ್ಕೆ ಎಲ್ಲಿ ಅಳಿಸಬೇಕೆಂದು ಹೇಳುವ ಹೆಸರು ಖಾಲಿಯಾಗಿ ಸಿಕ್ಕಿತು. ಲಾಗ್‌ಗಳ ಬದಲು ಸಂಶೋಧಕರ ಸಂಗ್ರಹವೇ ಅಳಿಯತೊಡಗಿತು. 14 ಸಂಶೋಧನಾ ತಂಡಗಳ ಸುಮಾರು 3.4 ಕೋಟಿ ಫೈಲು, 77 ಟೆರಾಬೈಟ್ ಹೋಯಿತು. ನಾಲ್ಕು ತಂಡಗಳಿಗೆ ಬ್ಯಾಕಪ್ಪಿನಿಂದಲೂ ಮರಳಿ ಸಿಗಲಿಲ್ಲ. ಹತ್ತು ದಿನದ ಷರತ್ತು ಮಾತ್ರ ಕೊನೆಯವರೆಗೂ ಸರಿಯಾಗಿ ಕೆಲಸ ಮಾಡಿತು. ಅಳಿದುಹೋದವೆಲ್ಲ ಹತ್ತು ದಿನಕ್ಕಿಂತ ಹಳೆಯ ಫೈಲುಗಳೇ.

ಇಟ್ಟುಕೊಳ್ಳುವುದೇ ಕ್ಷೇಮ ಎಂಬ ನಂಬಿಕೆ ಮುರಿದದ್ದು ಖಾಸಗಿತನದ ಕಾನೂನುಗಳಿಂದ. 2018ರ ಮೇ 25ರಂದು ಜಾರಿಗೆ ಬಂದ ಯುರೋಪಿನ ಜಿಡಿಪಿಆರ್, ಉದ್ದೇಶ ತೀರಿದ ಮೇಲೆ ವ್ಯಕ್ತಿಯ ಗುರುತಿರುವ ಮಾಹಿತಿಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ ಎಂದಿತು. ಮರುವರ್ಷ ಬರ್ಲಿನ್ನಿನ ಪ್ರಾಧಿಕಾರ ಡಾಯ್ಚ ವೊನೆನ್ ಎಂಬ ವಸತಿ ಕಂಪನಿಗೆ 1.45 ಕೋಟಿ ಯೂರೊ ದಂಡ ಹಾಕಿತು. ಬಾಡಿಗೆದಾರರ ಹಳೆಯ ವಿವರಗಳನ್ನು ಅಳಿಸುವ ಸೌಕರ್ಯವೇ ಅದರ ಸಂಗ್ರಹದಲ್ಲಿ ಇಲ್ಲವೆಂಬುದು ಆಕ್ಷೇಪ. ದಂಡದ ವ್ಯಾಜ್ಯ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಉದ್ದೇಶ ತೀರಿದ ಮೇಲೆ ಅಳಿಸುವ ಹೊಣೆ ಇದೆ. ಇನ್ನೊಂದೆಡೆ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕೆನ್ನುತ್ತದೆ, ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಎನ್ನುತ್ತದೆ. ಒಂದೇ ಫೋಲ್ಡರಿನಲ್ಲಿ ಗ್ರಾಹಕರ ಆಧಾರ್ ಪ್ರತಿಯೂ ಇನ್‌ವಾಯ್ಸೂ ಒಟ್ಟಿಗಿದ್ದರೆ ಎರಡಕ್ಕೂ ಬೇರೆ ಬೇರೆ ಆಯುಷ್ಯ.

ಎಲ್ಲ ಫೈಲನ್ನೂ ಒಂದೊಂದಾಗಿ ನೋಡಲು ಯಾರಿಂದಲೂ ಆಗದು. ಕೆನಡಾದ ಟೆರಿ ಕುಕ್ 1990ರ ದಶಕದಲ್ಲೇ ದಾಖಲೆಯನ್ನು ಬಿಟ್ಟು ಅದನ್ನು ಹುಟ್ಟಿಸಿದ ಕೆಲಸದ ಮಹತ್ವವನ್ನು ತೂಗುವ ದಾರಿ ಹಾಕಿಕೊಟ್ಟರು. ಅಮೆರಿಕದ ರಾಷ್ಟ್ರೀಯ ಅಭಿಲೇಖಾಗಾರ 2013ರಲ್ಲಿ ಇಮೇಲಿಗೆ ಇದನ್ನೇ ಹೋಲುವ ಕ್ರಮ ತಂದಿತು. ಉನ್ನತ ಹುದ್ದೆಯವರ ಅಂಚೆ ಶಾಶ್ವತ, ಉಳಿದವರದ್ದು ನಿಗದಿತ ಅವಧಿಗೆ. ಈಗ ಮೈಕ್ರೋಸಾಫ್ಟ್ ಪರ್ವ್ಯೂನಂಥ ವ್ಯವಸ್ಥೆಗಳಲ್ಲಿ ಫೈಲಿನ ಗಡಿಯಾರವನ್ನು ಒಂದು ಘಟನೆಗೆ ಕಟ್ಟಬಹುದು. ಗುತ್ತಿಗೆ ಮುಗಿದ ದಿನ, ನೌಕರ ಹೊರಟ ದಿನ, ಉತ್ಪನ್ನ ನಿಂತ ದಿನ. ಮುಟ್ಟಿದ ತಾರೀಖಿನಿಂದ ಎಣಿಸುವುದನ್ನು ಬಿಟ್ಟು ತೀರಿದ ತಾರೀಖಿನಿಂದ ಎಣಿಸುವ ಈ ಕ್ರಮ ನನಗೆ ಗ್ರಿಗ್ ಸಮಿತಿಯತ್ತ ಮರಳಿದಂತೆ ಕಾಣುತ್ತದೆ. ಗುತ್ತಿಗೆ ಮುಗಿಯಿತೆಂದು ವ್ಯವಸ್ಥೆಗೆ ತಿಳಿಸಬೇಕಾದವರು ಗುತ್ತಿಗೆ ನೋಡಿಕೊಂಡ ವಿಭಾಗದವರೇ. ಎಷ್ಟೋ ಕಡೆ ಆ ಕೆಲಸ ಯಾರ ಹುದ್ದೆಯ ಕರ್ತವ್ಯಪಟ್ಟಿಯಲ್ಲೂ ಇರುವುದಿಲ್ಲ.

ಅಳಿಸಿದ ಮೇಲೆ ಉಳಿಯಬೇಕಾದದ್ದೂ ಒಂದಿದೆ. ನಾಶಪಡಿಸಿದ ಕಡತಗಳ ಪಟ್ಟಿ ಇಡುವುದು ಕಾಗದದ ಅಭಿಲೇಖಾಲಯಗಳ ಹಳೆಯ ರೂಢಿ. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಆ ಕಡತ ಇತ್ತು, ಇಂಥ ದಿನ ಇಂಥವರ ಆದೇಶದಂತೆ ಹೋಯಿತು ಎಂದು ತೋರಿಸಬಹುದು. ಪರ್ವ್ಯೂ ಕೂಡ ಪರಿಶೀಲಕರ ಒಪ್ಪಿಗೆ ಪಡೆದು ಅಳಿಸಿದ್ದಕ್ಕೆ ಪುರಾವೆ ಇಡುತ್ತದೆ, ಗರಿಷ್ಠ 7 ವರ್ಷ. ಆಸ್ಪತ್ರೆ, ವಿಶ್ವವಿದ್ಯಾಲಯ, ನಗರಸಭೆಯಂಥ ಸಂಸ್ಥೆಗಳಿಗೆ ಅದು ಸಾಲದು. ಅಲ್ಲಿ ಪಟ್ಟಿಯನ್ನು ಹೊರತೆಗೆದು ಬೇರೆ ಕಡೆ ಶಾಶ್ವತವಾಗಿ ಇಟ್ಟುಕೊಳ್ಳಬೇಕು.