ಗೋಧಿಯ ಹಣದಲ್ಲಿ ಕಡಲು ದಾಟಿದ ಕನ್ನಡ ಪುಸ್ತಕಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶ ಸುತ್ತುವ ಕೆಲಸವನ್ನು ಹೊರನಾಡ ಕನ್ನಡಿಗರಾದ ನಾವು ಹೊಟ್ಟೆಪಾಡಿಗಾಗಿಯಾದರೂ ಮಾಡಿದ್ದೇವೆ. ಆದರೆ ನಮ್ಮ ಕೋಶಗಳೇ, ಎಂದರೆ ಕನ್ನಡದ ಪುಸ್ತಕಗಳೇ, ನಮ್ಮಂತೆ ಊರು ಬಿಟ್ಟು, ನಮಗಿಂತಲೂ ಬಹು ದೂರ ಹೋಗಿ ನೆಲಸಿದುವೆಂಬ ಸಂಗತಿ ಎಲ್ಲರಿಗೂ ತಿಳಿದಿರಲಾರದು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅಚ್ಚಾದ ಕಾದಂಬರಿಯೊಂದು ಮುಂಬಯಿಯ ಕನ್ನಡಿಗನ ಕೈಗೆ ಬರುವುದು ತಡವಾಗಬಹುದು, ಬಾರದೆಯೂ ಇರಬಹುದು. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ ಮಾತ್ರ ಅದು ಹೊಸ ಸೇರ್ಪಡೆಯಾಗಿ ಕುಳಿತಿರುವುದುಂಟು. ಇದು ಹೇಗೆ ಸಾಧ್ಯವಾಯಿತು? ಉತ್ತರವನ್ನು ವಿದ್ವಾಂಸರ ಗೋಷ್ಠಿಯಲ್ಲಿ ಹುಡುಕುವುದಕ್ಕಿಂತ ರೇಷನ್ ಅಂಗಡಿಯ ಸಾಲಿನಲ್ಲಿ ಹುಡುಕುವುದು ಮೇಲು.

1954ರ ಜುಲೈಯಲ್ಲಿ ಅಮೆರಿಕದ ಸರ್ಕಾರವು ಒಂದು ಕಾಯಿದೆಯನ್ನು ಮಾಡಿತು. ಅದರ ಕ್ರಮಸಂಖ್ಯೆ 480. ಅದೇ ನಮ್ಮ ಹಿರಿಯರ ಬಾಯಲ್ಲಿ ‘ಪಿ.ಎಲ್. 480’ ಎಂದು ಪ್ರಸಿದ್ಧವಾಯಿತು. ತಮ್ಮಲ್ಲಿ ಬೆಳೆದು ಮಿಕ್ಕ ಧಾನ್ಯವನ್ನು ಕೊರತೆಯ ದೇಶಗಳಿಗೆ ಮಾರುವುದು, ಡಾಲರು ಇಲ್ಲದವರಿಂದ ಅವರವರ ನಾಣ್ಯದಲ್ಲಿಯೇ ಬೆಲೆಯನ್ನು ಪಡೆಯುವುದು ಇದರ ಕ್ರಮ. ಭಾರತದೊಡನೆ ಮೊದಲ ಒಪ್ಪಂದವಾದುದು 1956ರಲ್ಲಿ. 1960ರ ಮೇ ತಿಂಗಳಲ್ಲಿ ಅಂದಿನ ಆಹಾರಮಂತ್ರಿ ಎಸ್. ಕೆ. ಪಾಟೀಲರ ಕಾಲದಲ್ಲಿ ಆದ ದೊಡ್ಡ ಒಪ್ಪಂದದಂತೆ, ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿಯೂ 10 ಲಕ್ಷ ಟನ್ ಅಕ್ಕಿಯೂ ಬರಬೇಕೆಂದು ಗೊತ್ತಾಯಿತು. ಮಳೆ ಕೈಕೊಟ್ಟ 1966ರಲ್ಲಂತೂ ಹೊರಗಿನಿಂದ ಬಂದ ಒಟ್ಟು ಧಾನ್ಯ ಸುಮಾರು 1 ಕೋಟಿ ಟನ್ನಿನಷ್ಟಾಯಿತು. ಅನ್ನವನ್ನೂ ರೊಟ್ಟಿಯನ್ನೂ ಬಲ್ಲ ನಮ್ಮ ಮನೆಗಳಲ್ಲಿ ಅಮೆರಿಕದ ಗೋಧಿಯ ಚಪಾತಿ ರೂಢಿಯಾದುದು ಆ ಕಾಲದಲ್ಲಿಯೇ.

ಈ ಗೋಧಿಯ ಬೆಲೆಯೆಂದು ಭಾರತ ಕೊಟ್ಟ ರೂಪಾಯಿ ಇಲ್ಲಿಯೇ ಅಮೆರಿಕದ ಲೆಕ್ಕದಲ್ಲಿ ಜಮೆಯಾಗುತ್ತ ಹೋಯಿತು. ಆ ರೂಪಾಯಿಯನ್ನು ಡಾಲರಾಗಿ ಮಾಡಿಕೊಂಡು ಹೊರಡುವಂತಿರಲಿಲ್ಲ. ಬಹುಮಟ್ಟಿಗೆ ಇಲ್ಲಿಯೇ ವೆಚ್ಚವಾಗಬೇಕು. 1958ರಲ್ಲಿ ಕಾಯಿದೆಗೆ ಒಂದು ತಿದ್ದುಪಡಿಯಾಗಿ, ಆ ಹಣದ ಒಂದು ಸಣ್ಣ ಪಾಲಿನಿಂದ ಪುಸ್ತಕಗಳನ್ನು ಕೊಳ್ಳಲು ಅವರ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಗೆ ಅನುಮತಿ ದೊರೆಯಿತು. 1962ರ ಹೊತ್ತಿಗೆ ದಿಲ್ಲಿಯಲ್ಲಿ ಅದರ ಕಚೇರಿ ಕೆಲಸ ಹೂಡಿತು.

ಕೆಲಸ ನಡೆದ ಬಗೆ ಅಚ್ಚುಕಟ್ಟಾದುದು. ಆಯಾ ಭಾಷೆಯನ್ನು ಬಲ್ಲವರು ಹೊಸ ಪುಸ್ತಕಗಳನ್ನು ಆರಿಸುವರು. ವ್ಯಾಪಾರಿಗಳ ಮೂಲಕ ಅವನ್ನು ಹಲವು ಪ್ರತಿ ಕೊಳ್ಳುವರು. ದಿಲ್ಲಿಯಲ್ಲಿ ವಿವರಗಳನ್ನು ಬರೆದುಕೊಂಡು, ಕಟ್ಟು ಕಟ್ಟಿ ಅಮೆರಿಕದ ಹಲವು ವಿದ್ಯಾಪೀಠಗಳಿಗೆ ರವಾನಿಸುವರು. ಷಿಕಾಗೋ, ಬರ್ಕ್ಲಿ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಮೊದಲಾದುವು ಈ ಪಟ್ಟಿಯಲ್ಲಿದ್ದುವು. ಹೊಸದಾಗಿ ಬಂದುವುಗಳ ಪಟ್ಟಿಯೊಂದು 1962ರಿಂದ ತಿಂಗಳು ತಿಂಗಳೂ ಅಚ್ಚಾಗುತ್ತಿತ್ತು. ಕನ್ನಡದ ಹೆಸರುಗಳು ಅದರಲ್ಲಿ ರೋಮನ್ ಲಿಪಿಯ ವೇಷ ತೊಟ್ಟು, ದೀರ್ಘಕ್ಕೆ ಮೇಲೊಂದು ಗೆರೆ, ಮೂರ್ಧನ್ಯಕ್ಕೆ ಕೆಳಗೊಂದು ಚುಕ್ಕೆ ಇಟ್ಟುಕೊಂಡು ನಿಂತಿರುತ್ತಿದ್ದುವು. ದೊಡ್ಡ ಕವಿಗಳ ಗ್ರಂಥಗಳಷ್ಟೇ ಅಲ್ಲ, ಸಾಮಾನ್ಯ ಕಾದಂಬರಿ, ನಾಟಕ, ಪತ್ರಿಕೆ, ಸರ್ಕಾರಿ ವರದಿಗಳೂ ಹೋದುವು. ಇಂದು ಯಾವುದು ಹಗುರ, ಯಾವುದು ತೂಕವೆಂದು ನಾವು ತೀರ್ಮಾನಿಸಬಲ್ಲೆವೆ? ನಾಳೆಯ ಚರಿತ್ರಕಾರನಿಗೆ ಪಂಚಾಂಗವೂ ಆಧಾರವೇ.

ಓದುವವರಿಲ್ಲದ ಊರಿಗೆ ಪುಸ್ತಕ ಹೋಗಿ ಫಲವೇನು ಎಂದು ಯಾರಾದರೂ ಕೇಳಬಹುದು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1960ರ ದಶಕದ ಮೊದಲಿನಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿಯೂ, ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ 1976ರಲ್ಲಿಯೂ ಹೊರಬಂದುವು. ಮೂಲಗ್ರಂಥ ಕೈಗೆ ಸಿಗದ ಊರಿನಲ್ಲಿ ಒಂದು ಭಾಷೆಯನ್ನು ಕಲಿಸುವುದು ನೀರಿಲ್ಲದೆ ಈಜು ಕಲಿಸಿದಂತೆ. ಮೇಷ್ಟರು ಅಲ್ಲಿದ್ದರು, ಕಪಾಟಿನಲ್ಲಿ ಪುಸ್ತಕಗಳೂ ಇದ್ದುವು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಕುಂಟುತ್ತಿತ್ತು.

ಇದನ್ನು ಅನುಮಾನದಿಂದ ಕಂಡವರೂ ಉಂಟು. ನಮ್ಮ ಹಸಿವಿನ ಹಣದಿಂದ ನಮ್ಮ ಪುಸ್ತಕಗಳನ್ನೇ ಕೊಂಡು, ನಮ್ಮನ್ನೇ ಅಭ್ಯಾಸದ ವಸ್ತುವಾಗಿ ಮಾಡಿಕೊಳ್ಳುವರಲ್ಲಾ ಎಂಬುದು ಅವರ ಮಾತು. ಅದರಲ್ಲಿ ಹುರುಳಿಲ್ಲದಿಲ್ಲ. ಹಾಗೆಂದು ಆ ಪುಸ್ತಕಗಳನ್ನು ಯಾರೂ ಕಿತ್ತುಕೊಂಡು ಹೋಗಲಿಲ್ಲ; ಬೆಲೆ ಕೊಟ್ಟು ಕೊಂಡರು. ಸಾವಿರ ಪ್ರತಿ ಅಚ್ಚುಹಾಕಿಸಿ ಖರ್ಚು ಹೊರಟರೆ ಸಾಕೆನ್ನುತ್ತಿದ್ದ ಕನ್ನಡ ಪ್ರಕಾಶಕನಿಗೆ ಹಣ ಕೊಟ್ಟು ಕೊಳ್ಳುವ ಗಿರಾಕಿ ಯಾರಾದರೇನು, ಆಪದ್ಬಂಧುವೇ.

ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ಅದೇ 1954ರ ಮೇ ತಿಂಗಳಲ್ಲಿ ನಮ್ಮ ಪಾರ್ಲಿಮೆಂಟೂ ಪುಸ್ತಕಗಳಿಗಾಗಿ ಒಂದು ಕಾಯಿದೆ ಮಾಡಿತ್ತು. ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕನು 30 ದಿನಗಳೊಳಗೆ ತನ್ನ ಖರ್ಚಿನಲ್ಲಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಸರ್ಕಾರ ಗೊತ್ತುಪಡಿಸುವ ಇತರ ಮೂರು ಗ್ರಂಥಾಲಯಗಳಿಗೂ ಒಪ್ಪಿಸಬೇಕೆಂದು ಅದರ ವಿಧಿ. ಆ ಮೂರು ಯಾವುವು? ಅಂದಿನ ಮದ್ರಾಸಿನ ಕನ್ನಿಮರಾ, ಮುಂಬಯಿ ಟೌನ್ ಹಾಲಿನ ಕೇಂದ್ರ ಗ್ರಂಥಾಲಯ, ದಿಲ್ಲಿಯ ಸಾರ್ವಜನಿಕ ಗ್ರಂಥಾಲಯ. ಎಂದರೆ ಕನ್ನಡದ ಪ್ರತಿ ಹೊಸ ಪುಸ್ತಕಕ್ಕೂ, ಕಾಯಿದೆಯ ಪ್ರಕಾರ, ಹೊರನಾಡ ಕನ್ನಡಿಗರು ಬಾಳುತ್ತಿರುವ ಈ ಊರುಗಳಲ್ಲಿಯೇ ಒಂದು ಮನೆ ಗೊತ್ತಾಗಿತ್ತು! ಕಳುಹಿಸದವನಿಗೆ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಆದರೆ ನಾಲ್ಕು ಪ್ರತಿ, ನಾಲ್ಕು ಅಂಚೆ ಖರ್ಚು ಸಣ್ಣ ಪ್ರಕಾಶಕನಿಗೆ ಭಾರವೆನಿಸಿತು. ಎಷ್ಟೋ ಪುಸ್ತಕಗಳು ಹೋಗಲೇ ಇಲ್ಲ. ಒಂದು ಕಾಯಿದೆ ಕೊಡು ಎಂದಿತು, ಇನ್ನೊಂದು ಕೊಳ್ಳುತ್ತೇನೆ ಎಂದಿತು. ಯಾವುದರ ಕಪಾಟು ಬೇಗ ತುಂಬಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗೋಧಿಯ ಲೆಕ್ಕ 1974ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಅಮೆರಿಕದ ರಾಯಭಾರಿ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ಭಾರತ ಸರ್ಕಾರಕ್ಕೆ ಬರೆದುಕೊಟ್ಟರು. ಮುಂದೆ ರೂಪಾಯಿನಿಧಿ ಕರಗಿದ ಮೇಲೂ ಪುಸ್ತಕ ಕೊಳ್ಳುವುದು ನಿಲ್ಲಲಿಲ್ಲ. ವಿದ್ಯಾಪೀಠಗಳು ತಮ್ಮ ಸ್ವಂತ ಹಣ ಹಾಕಿ ಕೊಂಡುವು. ಪುಸ್ತಕದ ರೂಪವೂ ಬದಲಾಯಿತು. ಆಮ್ಲ ಸೇರಿದ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತಿರಲು, 1901ರಿಂದ 1953ರವರೆಗಿನ ಭಾರತೀಯ ಸಾಹಿತ್ಯದ ರಾಷ್ಟ್ರೀಯ ಗ್ರಂಥಸೂಚಿಯನ್ನು ಕೈದೀವಿಗೆಯಾಗಿಟ್ಟುಕೊಂಡು, ಎರಡು ದೇಶಗಳವರೂ ಸೇರಿ ಹಳೆಯ ಪುಸ್ತಕಗಳ ಪುಟಗಳನ್ನು ಕಿರಿಯ ಚಿತ್ರಸುರುಳಿಗೆ ಇಳಿಸಿದರು. ಈ ಸೂಚಿಯ ಪ್ರಧಾನ ಸಂಪಾದಕರಾಗಿದ್ದ ಬಿ. ಎಸ್. ಕೇಶವನ್ ಅವರು ಕಲ್ಕತ್ತೆಗೆ ಹೋಗುವ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರೆಂಬುದು ನಮಗೆ ಹೆಮ್ಮೆ. 2000ದ ಸುಮಾರಿನಿಂದ ದಿಲ್ಲಿಯ ಅದೇ ಕಚೇರಿ ಲೇಖಕರ ಧ್ವನಿಯನ್ನೂ ಸಂಗ್ರಹಿಸತೊಡಗಿತು. ಕನ್ನಡದ ಲೇಖಕರು ತಮ್ಮ ಬರಹವನ್ನು ತಾವೇ ಓದುವುದನ್ನು ಇಂದು ಕಂಪ್ಯೂಟರಿನಲ್ಲಿ ಕುಳಿತಲ್ಲಿಯೇ ಕೇಳಬಹುದು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಭಾಷೆಯನ್ನು ಅಭಿಮಾನ ಹೊಗಳುತ್ತದೆ; ಕ್ರಮ ಉಳಿಸುತ್ತದೆ. ಯಾರೋ ತಿಂಗಳು ತಿಂಗಳೂ ತಪ್ಪದೆ ಕೊಂಡರು, ಬರೆದಿಟ್ಟರು, ಕಾಪಾಡಿದರು. ಆದುದರಿಂದ ಪುಸ್ತಕಗಳು ಉಳಿದುವು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಅಜ್ಜ ಟ್ರಂಕಿನಲ್ಲಿ ತುಂಬಿಕೊಂಡು ಬಂದ ಪುಸ್ತಕಗಳು, ಮನೆ ಬದಲಾಯಿಸುವ ದಿನ, ಕನ್ನಡ ಓದಲು ಬಾರದ ಮೊಮ್ಮಕ್ಕಳ ಕಣ್ಣೆದುರಿಗೆ ರದ್ದಿಯ ತಕ್ಕಡಿ ಏರುತ್ತವೆ. ಹೊರನಾಡ ಸಂಘಗಳ ಸ್ಮರಣ ಸಂಚಿಕೆಗಳ ಗತಿಯೂ ಬಹುತೇಕ ಅದೇ. ನಮ್ಮ ಹಿರಿಯರು ಈ ಊರುಗಳಲ್ಲಿ ನಾಟಕ ಆಡಿದ್ದು, ಶಾಲೆ ಕಟ್ಟಿದ್ದು ಬರೆದಿರುವುದು ಇಂಥ ಸಂಚಿಕೆಗಳಲ್ಲಿ ಮಾತ್ರ. ಇವು ಹೋದರೆ ಷಿಕಾಗೋದಿಂದಲೂ ತರಿಸಲಾಗದು.

ಮುಂಬಯಿ, ಮದ್ರಾಸು ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ ವಿಭಾಗಗಳಿವೆ. ಟ್ರಂಕನ್ನು ತೆರೆಯುವ ಮುನ್ನ ತಕ್ಕಡಿಯವನನ್ನು ಕರೆಯದೆ, ಅಂಥ ಕಡೆ ಒಂದು ಮಾತು ಕೇಳೋಣ. ಸಂಘದ ಸಂಚಿಕೆಯ ಎರಡು ಪ್ರತಿಗಳನ್ನು ವರ್ಷ ವರ್ಷವೂ ಗ್ರಂಥಾಲಯಕ್ಕೆ ಒಪ್ಪಿಸಿ ರಸೀತಿ ಪಡೆಯೋಣ. ಮನೆಗೆ ತಿಂಗಳಿಗೊಂದು ಕನ್ನಡ ಪುಸ್ತಕ ಕೊಂಡು, ರಾತ್ರಿ ಅರ್ಧ ಗಂಟೆ ಮಕ್ಕಳಿಗೆ ಓದಿ ಹೇಳೋಣ. ಅನ್ನಕ್ಕಾಗಿ ಊರು ಬಿಟ್ಟ ನಾವು ಅನ್ನದ ಹಣದಲ್ಲಿ ಇಷ್ಟನ್ನಾದರೂ ಅಕ್ಷರಕ್ಕೆ ಎತ್ತಿಡಬಲ್ಲೆವು. ರಾಜ್ಯೋತ್ಸವದ ಬಾವುಟ ಒಂದು ದಿನ ಹಾರಿ ಇಳಿಯುತ್ತದೆ. ಕಪಾಟಿನ ಪುಸ್ತಕ ವರ್ಷವೆಲ್ಲ ಕಾಯುತ್ತದೆ.